ಕಾರ್ಡ್ ಉಜ್ಜಿದರೆ ‘ಎರಡು ಪರ್ಸೆಂಟ್ ಎಕ್ಸ್‌ಟ್ರಾ’: ಆ ಹಣ ಯಾರಿಗೆ ಹೋಗುತ್ತದೆ?

ಹೋದ ತಿಂಗಳು ಮಿಕ್ಸಿ ಮತ್ತು ಗ್ಯಾಸ್ ಸ್ಟೌ ಕೊಳ್ಳಲು ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆವು. ಚೌಕಾಸಿಯೆಲ್ಲ ಮುಗಿದು ಬಿಲ್ಲು 10,000 ರೂಪಾಯಿಗೆ ಬಂದು ನಿಂತಿತು. ಕಾರ್ಡ್ ಮುಂದೆ ಚಾಚಿದ್ದೇ ತಡ, ಮಾಲೀಕರು, “ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗತ್ತೆ ನೋಡಿ. ಅದು ನಮಗಲ್ಲ, ಬ್ಯಾಂಕಿನವರೇ ಹಿಡ್ಕೋತಾರೆ” ಅಂದರು. “ಇದು ಡೆಬಿಟ್ ಕಾರ್ಡು” ಅಂದೆವು. “ಯಾವ ಕಾರ್ಡಾದ್ರೂ ಅಷ್ಟೇ” ಅಂತ ಉತ್ತರ ಬಂತು.

ಈ ಮಾತನ್ನು ನೀವೂ ಕೇಳಿರುತ್ತೀರಿ. ಮೊಬೈಲ್ ಅಂಗಡಿ, ಚಿನ್ನದಂಗಡಿ, ಟೈಲ್ಸ್ ಅಂಗಡಿ, ಕೆಲವು ಲ್ಯಾಬುಗಳಲ್ಲೂ ಇದೇ ಮಾತು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಬ್ಯಾಂಕು ಅಂಗಡಿಯಿಂದ ಶುಲ್ಕ ಹಿಡಿದುಕೊಳ್ಳುವುದು ನಿಜ. ‘ಯಾವ ಕಾರ್ಡಾದ್ರೂ ಅಷ್ಟೇ’ ಎಂಬುದು ಸುಳ್ಳು. ಯಾವುದು ಎಲ್ಲಿ ನಿಜ ಎಂದು ತಿಳಿಯಬೇಕಾದರೆ ಆ ಪುಟ್ಟ ಮಷಿನ್ನಿನ ಹಿಂದೆ ನಡೆಯುವ ವ್ಯವಹಾರದ ಕೆಲವು ಪದಗಳ ಪರಿಚಯ ಬೇಕು. ಪದಗಳು ಒರಟಾಗಿವೆ, ಆದರೆ ವಿಷಯ ಕಷ್ಟದ್ದಲ್ಲ.

ಮಷಿನ್ ಹಿಂದೆ ಯಾರ್ಯಾರಿದ್ದಾರೆ?

ನಾವು ‘ಬ್ಯಾಂಕಿನವರು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ನಿಜವಾಗಿ ಅಲ್ಲಿ ಕನಿಷ್ಠ ಮೂರು ಸಂಸ್ಥೆಗಳಿರುತ್ತವೆ. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕನ್ನು ‘ಇಶ್ಯೂಯರ್’ ಎನ್ನುತ್ತಾರೆ. ಅಂಗಡಿಯವರಿಗೆ ಮಷಿನ್ ಕೊಟ್ಟು, ಅವರ ಪರವಾಗಿ ಹಣ ತರಿಸಿಕೊಡುವ ಬ್ಯಾಂಕು ‘ಅಕ್ವೈರರ್’. ಈ ಎರಡು ಬ್ಯಾಂಕುಗಳ ನಡುವೆ ಸಂದೇಶ ಒಯ್ಯುವ, ಲೆಕ್ಕ ಚುಕ್ತಾ ಮಾಡಿಸುವ ದಾರಿ ‘ನೆಟ್‌ವರ್ಕ್’. ಕಾರ್ಡಿನ ಮೂಲೆಯಲ್ಲಿ ಕಾಣುವ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಂಬ ಹೆಸರುಗಳು ಈ ನೆಟ್‌ವರ್ಕಿನವು. ವೀಸಾ ನಿಮಗೆ ಸಾಲ ಕೊಡುವುದಿಲ್ಲ, ಕಾರ್ಡೂ ಕೊಡುವುದಿಲ್ಲ. ಸಾಲ ಕೊಡುವುದು ನಿಮ್ಮ ಬ್ಯಾಂಕು.

ಅಂಗಡಿಯವರು ಪ್ರತಿ ವಹಿವಾಟಿಗೂ ತೆರುವ ಶುಲ್ಕದ ಹೆಸರು ‘ಮರ್ಚೆಂಟ್ ಡಿಸ್ಕೌಂಟ್ ರೇಟ್’. ಎಲ್ಲರ ಬಾಯಲ್ಲೂ ಅದು ಎಂಡಿಆರ್. ‘ಡಿಸ್ಕೌಂಟ್’ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ನಮಗೆ ಡಿಸ್ಕೌಂಟ್ ಎಂದರೆ ಗಿರಾಕಿಗೆ ಸಿಗುವ ರಿಯಾಯಿತಿ. ಇಲ್ಲಿ ಅದು ಅಂಗಡಿಯವರ ಕೈಗೆ ಬರುವ ಮೊತ್ತದಲ್ಲಿ ಆಗುವ ಕಡಿತ. ಕ್ರೆಡಿಟ್ ಕಾರ್ಡಿನ ಎಂಡಿಆರ್ ಅನ್ನು ಶೇ. 2 ಎಂದಿಟ್ಟುಕೊಳ್ಳೋಣ. 10,000 ರೂಪಾಯಿ ಬಿಲ್ಲಿಗೆ 200 ರೂಪಾಯಿ ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಅಂದರೆ 36 ರೂಪಾಯಿ. ಅಂಗಡಿಯವರ ಖಾತೆಗೆ ಬರುವುದು 9,764 ರೂಪಾಯಿ.

ಆ 200 ರೂಪಾಯಿ ಎಲ್ಲಿಗೆ ಹೋಯಿತು? ಮಷಿನ್ ಕೊಟ್ಟ ಬ್ಯಾಂಕಿಗೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಕ್ರೆಡಿಟ್ ಕಾರ್ಡ್ ವಹಿವಾಟಿನಲ್ಲಿ ಅದರ ದೊಡ್ಡ ಪಾಲು ಹೋಗುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಆ ಪಾಲಿಗೆ ‘ಇಂಟರ್‌ಚೇಂಜ್’ ಎಂದು ಹೆಸರು. ನೆಟ್‌ವರ್ಕಿಗೆ ಒಂದು ಚಿಕ್ಕ ಪಾಲು, ಉಳಿದದ್ದು ಮಷಿನ್ ಕೊಟ್ಟ ಬ್ಯಾಂಕಿಗೆ. ಕಾರ್ಡ್ ಕೊಟ್ಟ ಬ್ಯಾಂಕಿಗೇಕೆ ಅಷ್ಟು ದೊಡ್ಡ ತುತ್ತು ಎಂದರೆ, ಅದು ನಿಮ್ಮ ಪರವಾಗಿ ಅಂಗಡಿಗೆ ಇವತ್ತೇ ಹಣ ಕೊಟ್ಟು, ನಿಮ್ಮಿಂದ ಬಡ್ಡಿಯಿಲ್ಲದೆ ತಿಂಗಳ ಮೇಲೆ ವಸೂಲು ಮಾಡುತ್ತದೆ. ನೀವು ಕಟ್ಟದೇ ಹೋದರೆ ನಷ್ಟ ಅದರದ್ದು. ನಿಮ್ಮ ರಿವಾರ್ಡ್ ಪಾಯಿಂಟು, ಏರ್‌ಪೋರ್ಟ್ ಲೌಂಜಿನ ಉಚಿತ ಊಟ ಇವೆಲ್ಲಕ್ಕೂ ಬಹುಮಟ್ಟಿಗೆ ಹಣ ಬರುವುದು ಇದೇ ಇಂಟರ್‌ಚೇಂಜಿನಿಂದ. ಅಂದರೆ ಅಂಗಡಿಯವರ ಜೇಬಿನಿಂದ. ಅವರು ಅದನ್ನು ಸಾಮಾನಿನ ಬೆಲೆಯಲ್ಲಿ ಸೇರಿಸಿಕೊಂಡಿದ್ದರೆ, ನಗದು ಕೊಟ್ಟು ಮಿಕ್ಸಿ ಒಯ್ದವರ ಜೇಬಿನಿಂದಲೂ! ಬ್ಯಾಂಕು ‘ಉಚಿತ’ ಎಂದಾಗಲೆಲ್ಲ ನಮಗೆ ಈ ಲೆಕ್ಕ ನೆನಪಾಗುತ್ತದೆ.

ಯಾವ ಕಾರ್ಡು ಎಂಬುದೇ ಮುಖ್ಯ

ಈಗ ‘ಯಾವ ಕಾರ್ಡಾದ್ರೂ ಅಷ್ಟೇ’ ಎಂಬ ಮಾತಿಗೆ ಬರೋಣ. ಡೆಬಿಟ್ ಕಾರ್ಡಿನಲ್ಲಿ ಸಾಲದ ಪ್ರಶ್ನೆಯೇ ಇಲ್ಲ, ಖಾತೆಯಲ್ಲಿರುವ ನಿಮ್ಮದೇ ಹಣ ಹೋಗುತ್ತದೆ. ಹಾಗಾಗಿ ಅದರ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. 2018ರ ಜನವರಿ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗಳಿಂದ ಮಷಿನ್ ಮೂಲಕ ಆಗುವ ಡೆಬಿಟ್ ಕಾರ್ಡ್ ಪಾವತಿಗೆ ಶೇ. 0.40ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಒಂದು ವಹಿವಾಟಿಗೆ ಗರಿಷ್ಠ 200 ರೂಪಾಯಿ. ಅದಕ್ಕಿಂತ ದೊಡ್ಡ ವ್ಯಾಪಾರಿಗಳಿಗೆ ಶೇ. 0.90, ಗರಿಷ್ಠ 1,000 ರೂಪಾಯಿ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಎಂಡಿಆರ್ ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ. ಅಲ್ಲಿ ದರವನ್ನು ಅಂಗಡಿಯವರು ತಮ್ಮ ಬ್ಯಾಂಕಿನೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ದೊಡ್ಡ ಮಾಲ್‌ಗೆ ಸಿಗುವ ದರ ಬೀದಿ ಮೂಲೆಯ ಅಂಗಡಿಗೆ ಸಿಗುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈ ದರಗಳನ್ನಿಟ್ಟುಕೊಂಡು ನಮ್ಮ ಮಿಕ್ಸಿಯ ಬಿಲ್ಲಿಗೆ ಮರಳೋಣ. ಆ ಅಂಗಡಿಯ ವಹಿವಾಟು 20 ಲಕ್ಷಕ್ಕಿಂತ ಹೆಚ್ಚೇ ಇರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ 10,200 ರೂಪಾಯಿ ಉಜ್ಜಿದರೆ, ಶೇ. 2ರ ಎಂಡಿಆರ್ 10,200ರ ಮೇಲೆ ಬೀಳುತ್ತದೆ. ಅಂದರೆ 204 ರೂಪಾಯಿ, ಜೊತೆಗೆ ಸುಮಾರು 37 ರೂಪಾಯಿ ಜಿಎಸ್‌ಟಿ. ನಮ್ಮಿಂದ 200 ಹೆಚ್ಚು ಪಡೆದ ಮೇಲೂ ಅವರಿಗೆ 41 ರೂಪಾಯಿ ಕಡಿಮೆ. ಜಿಎಸ್‌ಟಿ ಭಾಗವನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಹಿಂಪಡೆಯಬಹುದು ನಿಜ, ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣವರಿಗೆ ಆ ಸೌಲಭ್ಯವಿಲ್ಲ. ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಅಂಗಡಿಯವರ ಗೊಣಗಾಟಕ್ಕೆ ಕಾರಣವಿದೆ ಎಂದೇ ನಮ್ಮ ಅಭಿಪ್ರಾಯ.

ಅದೇ 10,200 ರೂಪಾಯಿಯನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡಿನಲ್ಲಿ ಉಜ್ಜಿದರೆ ಎಂಡಿಆರ್ ಹೆಚ್ಚೆಂದರೆ 91 ರೂಪಾಯಿ 80 ಪೈಸೆ, ಜಿಎಸ್‌ಟಿ ಸೇರಿ 108 ರೂಪಾಯಿ ಚಿಲ್ಲರೆ. ಹೆಚ್ಚುವರಿಯಾಗಿ ಪಡೆದ 200ರಲ್ಲಿ 90ಕ್ಕೂ ಹೆಚ್ಚು ರೂಪಾಯಿ ಅಂಗಡಿಯಲ್ಲೇ ಉಳಿಯಿತು. ನಮ್ಮ ಕೈಯಲ್ಲಿದ್ದದ್ದು ರುಪೇ ಡೆಬಿಟ್ ಕಾರ್ಡು. ಅದಕ್ಕಾದರೆ ಪೂರ್ತಿ 200 ರೂಪಾಯಿಯೂ ಅವರದೇ.

ಮಿಕ್ಸಿಯಲ್ಲಿ ಇದು ಒಂದು ಹೊತ್ತಿನ ಹೋಟೆಲ್ ತಿಂಡಿಯ ದುಡ್ಡು. ಮದುವೆಗೆ 3 ಲಕ್ಷ ರೂಪಾಯಿಯ ಚಿನ್ನ ಕೊಂಡು ಡೆಬಿಟ್ ಕಾರ್ಡಿನಲ್ಲಿ ಕೊಡುವಾಗ ‘ಎರಡು ಪರ್ಸೆಂಟ್’ ಎಂದರೆ 6,000 ರೂಪಾಯಿ. ಬ್ಯಾಂಕು ಅಂಗಡಿಯಿಂದ ಹಿಡಿಯಬಹುದಾದ ಎಂಡಿಆರ್ ಎಷ್ಟೇ ಆದರೂ 1,000 ರೂಪಾಯಿ ದಾಟುವಂತಿಲ್ಲ.

ಗಿರಾಕಿಯಿಂದ ಹೀಗೆ ಹೆಚ್ಚುವರಿ ವಸೂಲು ಮಾಡುವುದನ್ನು ‘ಸರ್‌ಚಾರ್ಜ್’ ಎನ್ನುತ್ತಾರೆ. ಡೆಬಿಟ್ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಮಾತು ಸ್ಪಷ್ಟವಾಗಿದೆ: ವ್ಯಾಪಾರಿಗಳು ಎಂಡಿಆರ್ ಅನ್ನು ಗಿರಾಕಿಯ ಮೇಲೆ ಹೊರಿಸದಂತೆ ನೋಡಿಕೊಳ್ಳುವುದು ಅವರಿಗೆ ಮಷಿನ್ ಕೊಟ್ಟ ಬ್ಯಾಂಕಿನ ಹೊಣೆ. ಕ್ರೆಡಿಟ್ ಕಾರ್ಡಿನಲ್ಲೂ ಹೀಗೆ ಹೊರಿಸಬಾರದೆಂದು ಅಂಗಡಿ ಮತ್ತು ಬ್ಯಾಂಕಿನ ನಡುವಿನ ಒಪ್ಪಂದದಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಪೆಟ್ರೋಲ್ ಬಂಕು ಮಾತ್ರ ಬೇರೆ ಕಥೆ. ಅಲ್ಲಿ ಲಾಭದ ಅಂಚು ತೆಳು, ಬೆಲೆ ಏರಿಸುವ ಸ್ವಾತಂತ್ರ್ಯವೂ ಬಂಕಿನವರಿಗಿಲ್ಲ. ಹಾಗಾಗಿ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ‘ಫ್ಯೂಯೆಲ್ ಸರ್‌ಚಾರ್ಜ್’ ಎಂದು ಬಹಿರಂಗವಾಗಿಯೇ ಬರುತ್ತದೆ, ಅನೇಕ ಬ್ಯಾಂಕುಗಳು ಒಂದು ಮಿತಿಯೊಳಗೆ ಅದನ್ನು ಹಿಂದಿರುಗಿಸುತ್ತವೆ.

ಚೀಟಿಯಲ್ಲಿರುವ ಅಂಕಿಗಳು

ಮಷಿನ್ ಉಗುಳುವ ಚೀಟಿ ಅಂದರೆ ಚಾರ್ಜ್ ಸ್ಲಿಪ್. ಅದನ್ನು ನಾವೆಲ್ಲ ಮುದ್ದೆ ಮಾಡಿ ಎಸೆಯುತ್ತೇವೆ. ಒಮ್ಮೆ ಬಿಡಿಸಿ ನೋಡಿ. ಮೇಲ್ಭಾಗದಲ್ಲಿ ಎಂಐಡಿ ಮತ್ತು ಟಿಐಡಿ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಅಂಗಡಿಯ ಗುರುತು, ಎರಡನೆಯದು ಆ ಮಷಿನ್ನಿನ ಗುರುತು. ಒಂದೇ ಅಂಗಡಿಯಲ್ಲಿ ಮೂರು ಮಷಿನ್ ಇದ್ದರೆ ಒಂದು ಎಂಐಡಿ, ಮೂರು ಟಿಐಡಿ ಇರಬಹುದು. ಅಂಗಡಿ ಯಾವ ವ್ಯಾಪಾರದ್ದು ಎಂಬುದಕ್ಕೂ ನಾಲ್ಕಂಕಿಯ ಒಂದು ಸಂಕೇತವಿದೆ, ಎಂಸಿಸಿ ಎನ್ನುತ್ತಾರೆ. ದಿನಸಿ ಮತ್ತು ಸೂಪರ್‌ಮಾರ್ಕೆಟ್ಟಿಗೆ 5411, ಔಷಧಿ ಅಂಗಡಿಗೆ 5912, ಆಸ್ಪತ್ರೆಗೆ 8062, ಒಡವೆ ಅಂಗಡಿಗೆ 5944. ನಿಮ್ಮ ಕಾರ್ಡು ‘ದಿನಸಿಗೆ ಕ್ಯಾಶ್‌ಬ್ಯಾಕ್’ ಎಂದರೂ ಕೆಲವೊಮ್ಮೆ ಸಿಗದಿರುವುದಕ್ಕೆ ಆ ಅಂಗಡಿ ಬೇರೆ ಎಂಸಿಸಿಯಲ್ಲಿ ನೋಂದಣಿಯಾಗಿರುವುದು ಕಾರಣವಾಗಿರಬಹುದು.

ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಆರ್‌ಆರ್‌ಎನ್ ಎಂಬ 12 ಅಂಕಿಗಳ ಸಂಖ್ಯೆ. ನಿಮ್ಮ ವಹಿವಾಟನ್ನು ಎರಡೂ ಬ್ಯಾಂಕುಗಳು ಹುಡುಕುವುದು ಇದರಿಂದಲೇ. ಯುಪಿಐ ಪಾವತಿಯಲ್ಲೂ ಇದೇ 12 ಅಂಕಿ ಕಾಣುತ್ತದೆ. ಒಂದು ಸ್ವಾರಸ್ಯವೆಂದರೆ, ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ಅಂಕಿಗಳು ಅದು ವರ್ಷದ ಎಷ್ಟನೆಯ ದಿನ ಎಂಬುದು. 2025ರ ಫೆಬ್ರುವರಿ 1 ಆ ವರ್ಷದ 32ನೆಯ ದಿನ, ಆದ್ದರಿಂದ ಸಂಖ್ಯೆ 5032 ಎಂದು ಶುರುವಾಗುತ್ತದೆ. ನಿಮ್ಮ ಫೋನಿನಲ್ಲಿ ಈಗಲೇ ಪರೀಕ್ಷಿಸಿ ನೋಡಬಹುದು. ಇನ್ನೊಂದು ಮಾತು: ಈ ಚೀಟಿಗಳು ಥರ್ಮಲ್ ಕಾಗದದವು, ಬಿಸಿಲಿಗೆ ಕಾದ ಕಾರಿನಲ್ಲಿ ಬಿಟ್ಟರೆ ಕೆಟ್ಟುಹೋಗುತ್ತವೆ. ದುಬಾರಿ ವಸ್ತು ಕೊಂಡಿದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

‘ದುಡ್ಡು ಕಟ್ ಆಗಿದೆ, ಅಂಗಡಿಗೆ ಬಂದಿಲ್ಲ’

ಕೌಂಟರಿನ ಮುಂದೆ ಅತಿ ಹೆಚ್ಚು ಜಗಳ ಆಗುವುದು ಇದೇ ಮಾತಿಗೆ. ನಿಮ್ಮ ಫೋನಿಗೆ ಮೆಸೇಜ್ ಬಂದ ಕ್ಷಣಕ್ಕೆ ಹಣ ಅಂಗಡಿಗೆ ಹೋಯಿತು ಎಂಬ ನಂಬಿಕೆ ಇದರ ಮೂಲ. ಕಾರ್ಡ್ ಪಾವತಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ‘ಆಥರೈಸೇಷನ್’. ಮಷಿನ್ ಕೇಳುತ್ತದೆ: ಈ ಕಾರ್ಡಿಗೆ ಇಷ್ಟು ಹಣ ಕೊಡಬಹುದೇ? ಪ್ರಶ್ನೆ ಅಕ್ವೈರರ್, ನೆಟ್‌ವರ್ಕ್, ಇಶ್ಯೂಯರ್ ದಾಟಿ ಹೋಗಿ ಅದೇ ದಾರಿಯಲ್ಲಿ ಉತ್ತರ ಬರುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಒಪ್ಪಿಗೆ ಸಿಕ್ಕರೆ ಅಷ್ಟು ಹಣ ನಿಮ್ಮ ಲೆಕ್ಕದಲ್ಲಿ ಬದಿಗೆ ಸರಿಯುತ್ತದೆ. ಅಂಗಡಿಗೆ ಇನ್ನೂ ಒಂದು ಪೈಸೆಯೂ ತಲುಪಿಲ್ಲ. ಎರಡನೆಯ ಹಂತ ‘ಸೆಟಲ್‌ಮೆಂಟ್’. ದಿನದ ವಹಿವಾಟುಗಳನ್ನೆಲ್ಲ ಒಂದು ಕಂತೆ ಮಾಡಿ, ಬ್ಯಾಂಕುಗಳು ಪರಸ್ಪರ ಲೆಕ್ಕ ಮುಗಿಸಿ, ಎಂಡಿಆರ್ ಕಳೆದು ಅಂಗಡಿಯ ಖಾತೆಗೆ ಹಾಕುವುದು. ಇದು ಸಾಮಾನ್ಯವಾಗಿ ಮಾರನೆಯ ಕೆಲಸದ ದಿನ. ‘ಟಿ+1’ ಎಂದರೆ ಇದೇ, ವಹಿವಾಟಿನ ದಿನ ಮತ್ತು ಇನ್ನೊಂದು.

ನಿಮ್ಮ ಬ್ಯಾಂಕು ‘ಹೂಂ’ ಅಂದಿದೆ, ಆ ಉತ್ತರ ಮಷಿನ್ ತಲುಪುವ ಮೊದಲೇ ಸಿಗ್ನಲ್ ಹೋಯಿತು ಎಂದುಕೊಳ್ಳಿ. ನಿಮ್ಮ ಫೋನಿನಲ್ಲಿ ‘ಡೆಬಿಟ್ ಆಗಿದೆ’, ಮಷಿನ್ನಿನಲ್ಲಿ ‘ವಿಫಲ’. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಇಂಥ ಹಣ ವಹಿವಾಟಿನ ದಿನದ ನಂತರ 5 ದಿನದೊಳಗೆ ತಾನಾಗಿಯೇ ನಿಮ್ಮ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ನೀವು ಕೇಳದೆಯೇ ಕೊಡಬೇಕು. ಅಂಗಡಿಗೆ ಯುಪಿಐ ಮಾಡಿದಾಗಲೂ ಇದೇ ಗಡುವು. ಈ ನೂರು ರೂಪಾಯಿಯ ವಿಷಯ ನಮ್ಮ ಪರಿಚಯದವರಲ್ಲಿ ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448 ಸಂಖ್ಯೆಯಿದೆ.

ಕಾರ್ಡ್ ‘ಡಿಕ್ಲೈನ್’ ಆದಾಗ ಹಿಂದೆ ಸಾಲಿನಲ್ಲಿ ನಿಂತವರು ನೋಡುವ ನೋಟ ಬೇರೆ. ಅಕೌಂಟಲ್ಲಿ ದುಡ್ಡಿಲ್ಲ ಪಾಪ, ಅನ್ನುವ ಹಾಗೆ. ಮಷಿನ್ನಿಗೆ ಬರುವ ಉತ್ತರ ಎರಡಂಕಿಯ ಸಂಕೇತ. ಹಣ ಸಾಲದು ಎಂಬುದಕ್ಕೆ 51. ಪಿನ್ ತಪ್ಪಾದರೆ 55, ಕಾರ್ಡಿನ ಅವಧಿ ಮುಗಿದಿದ್ದರೆ 54, ನಿಮ್ಮ ಬ್ಯಾಂಕಿನ ಕಂಪ್ಯೂಟರೇ ಉತ್ತರ ಕೊಡುತ್ತಿಲ್ಲವಾದರೆ 91. ಹೆಚ್ಚು ಗೊಂದಲ ಮಾಡುವುದು 05, ‘ಡು ನಾಟ್ ಆನರ್’. ಮರ್ಯಾದೆ ತೆಗೆಯುವಂತೆ ಕೇಳಿಸುತ್ತದೆ, ಆದರೆ ಅದರರ್ಥ ‘ಬ್ಯಾಂಕು ಒಪ್ಪಲಿಲ್ಲ, ಕಾರಣ ಹೇಳುತ್ತಿಲ್ಲ’ ಎಂದಷ್ಟೇ. ಖಾತೆ ತುಂಬಾ ಹಣವಿದ್ದರೂ ಬರಬಹುದು.

ಕೊಟ್ಟ ಹಣ ವಾಪಸ್ ಬರುವುದಕ್ಕೂ ಬೇರೆಬೇರೆ ಹೆಸರುಗಳಿವೆ. ಬಿಲ್ಲು ತಪ್ಪಾಗಿದೆ ಎಂದು ಅವತ್ತೇ, ಸೆಟಲ್‌ಮೆಂಟ್ ಆಗುವ ಮೊದಲೇ ರದ್ದು ಮಾಡಿದರೆ ಅದು ‘ವಾಯ್ಡ್’. ಹಣ ಹೋಗಿಯೇ ಇರುವುದಿಲ್ಲವಾದ್ದರಿಂದ ಸುಲಭ. ಸೆಟಲ್‌ಮೆಂಟ್ ಆದ ಮೇಲೆ ಹಿಂದಿರುಗಿಸುವುದು ‘ರೀಫಂಡ್’. ಅದು ಹೊಸದೇ ಒಂದು ಪಯಣ, ದಿನಗಳು ಹಿಡಿಯುತ್ತವೆ. ಎಷ್ಟೋ ಕಡೆ ಮೊದಲು ಹಿಡಿದ ಎಂಡಿಆರ್ ಅಂಗಡಿಗೆ ಮರಳುವುದೂ ಇಲ್ಲ. ‘ರೀಫಂಡ್ ಬೇಡ, ಬೇರೆ ಐಟಂ ತಗೊಳ್ಳಿ’ ಎಂದು ಅಂಗಡಿಯವರು ಗೋಗರೆಯುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ‘ಚಾರ್ಜ್‌ಬ್ಯಾಕ್’. ಸಾಮಾನು ಬರಲಿಲ್ಲ, ಎರಡು ಸಲ ಹಣ ಹೋಯಿತು, ಈ ವಹಿವಾಟು ನಾನು ಮಾಡಿದ್ದೇ ಅಲ್ಲ ಎಂದು ನೀವು ನಿಮ್ಮ ಬ್ಯಾಂಕಿಗೆ ದೂರಿದಾಗ, ಅದು ನೆಟ್‌ವರ್ಕಿನ ಮೂಲಕ ಅಂಗಡಿಯ ಬ್ಯಾಂಕಿನಿಂದ ಹಣ ಎಳೆದುಕೊಳ್ಳುತ್ತದೆ. ಈಗ ಸಾಕ್ಷ್ಯ ಒದಗಿಸುವ ಭಾರ ಅಂಗಡಿಯವರ ಮೇಲೆ: ಬಿಲ್ಲು, ಡೆಲಿವರಿ ರಸೀತಿ, ಚಾರ್ಜ್ ಸ್ಲಿಪ್. ಗೊತ್ತಾದ ಗಡುವಿನೊಳಗೆ ಕೊಡದಿದ್ದರೆ ಹಣ ಹೋದಂತೆಯೇ. ಗಿರಾಕಿಗೆ ಇದು ಒಳ್ಳೆಯ ರಕ್ಷಣೆ. ಆದರೆ ಸೀರೆ ತರಿಸಿಕೊಂಡು, ಉಟ್ಟು, ‘ಬಂದೇ ಇಲ್ಲ’ ಎಂದು ದೂರು ಹಾಕುವವರೂ ಇದ್ದಾರೆ. ಇನ್‌ಸ್ಟಾಗ್ರಾಮಿನಲ್ಲಿ ಸೀರೆ ಮಾರುವ ಒಬ್ಬ ಹೆಣ್ಣುಮಗಳಿಗೆ ಇಂಥ ಎರಡು ದೂರು ಬಂದರೆ ಆ ತಿಂಗಳ ಲಾಭ ಅಲ್ಲಿಗೇ ಮುಗಿಯಿತು. ಯುಪಿಐ, ಕಾರ್ಡುಗಳನ್ನೆಲ್ಲ ಒಂದೇ ಕಡೆ ಒದಗಿಸಿ, ಅವರ ಪರವಾಗಿ ಹಣ ಸಂಗ್ರಹಿಸಿ ದಾಟಿಸುವ ಸಂಸ್ಥೆ ‘ಪೇಮೆಂಟ್ ಅಗ್ರಿಗೇಟರ್’. ಇದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ‘ಪೇಮೆಂಟ್ ಗೇಟ್‌ವೇ’ ಬರೀ ತಂತ್ರಜ್ಞಾನದ ದಾರಿ, ಹಣ ಮುಟ್ಟುವುದಿಲ್ಲ. ಜಾಹೀರಾತುಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಯುಪಿಐಗೂ ಶುಲ್ಕ ಬಂತಂತೆ?

2023ರ ಮಾರ್ಚ್ ಕೊನೆಯಲ್ಲಿ ‘ಏಪ್ರಿಲ್ 1ರಿಂದ 2,000 ರೂಪಾಯಿ ದಾಟಿದ ಯುಪಿಐಗೆ ಶೇ. 1.1 ಶುಲ್ಕ’ ಎಂಬ ಸಂದೇಶ ವಾಟ್ಸ್ಆ್ಯಪ್ ತುಂಬಾ ಓಡಾಡಿತು. ಏಪ್ರಿಲ್ ಫೂಲ್ ಅಲ್ಲ, ಆದರೆ ಒಂದು ಪದ ತಪ್ಪಾಗಿ ಅರ್ಥವಾದದ್ದರ ಫಲ. ಆ ಶೇ. 1.1 ಇಂಟರ್‌ಚೇಂಜ್ ದರ. ಅದೂ ವಾಲೆಟ್‌ನಂಥ ಪ್ರೀಪೇಯ್ಡ್ ಸಾಧನದಲ್ಲಿ ತುಂಬಿಟ್ಟ ಹಣವನ್ನು ಯುಪಿಐ ಮೂಲಕ ಅಂಗಡಿಗೆ ಕೊಟ್ಟಾಗ ಮಾತ್ರ, ಮತ್ತು ಅದು ಗಿರಾಕಿಗೆ ತಾಗುವುದಿಲ್ಲ. ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುವ ಯುಪಿಐ ಉಚಿತವೇ ಎಂದು ಯುಪಿಐ ನಡೆಸುವ ಎನ್‌ಪಿಸಿಐ ಆಗಲೇ ಸ್ಪಷ್ಟಪಡಿಸಿತು. ಇಂಟರ್‌ಚೇಂಜ್ ಎಂದರೆ ಬ್ಯಾಂಕುಗಳ ನಡುವಿನ ಹಂಚಿಕೆ ಎಂದು ಗೊತ್ತಿದ್ದವರು ಅವತ್ತು ಸಂದೇಶ ಫಾರ್ವರ್ಡ್ ಮಾಡಲಿಲ್ಲ.

ಹಾಗೆಂದು ಯುಪಿಐ ನಡೆಸಲು ಖರ್ಚಿಲ್ಲವೆಂದಲ್ಲ. ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿವರೆಗಿನ ಯುಪಿಐ ಪಾವತಿಗಳಿಗೆ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ ಶೇ. 0.15 ಪ್ರೋತ್ಸಾಹಧನ ಕೊಡುವ ಯೋಜನೆಗೆ 2024-25ರ ಸಾಲಿಗೆ 1,500 ಕೋಟಿ ರೂಪಾಯಿ ಇಟ್ಟಿತ್ತು. ಎಂಡಿಆರ್ ಸೊನ್ನೆ ಎಂದರೆ ಆ ಭಾರ ಅಂಗಡಿಯಿಂದ ತೆರಿಗೆದಾರರ ಕಡೆಗೆ ಸರಿದಿದೆ ಎಂದರ್ಥ. ‘ಹಣ ಸ್ವೀಕರಿಸಲಾಗಿದೆ’ ಎಂದು ಕೂಗುವ ಸೌಂಡ್‌ಬಾಕ್ಸಿಗೆ ತಿಂಗಳ ಬಾಡಿಗೆ ತೆರುವ ಅಂಗಡಿಗಳೂ ಬೇಕಾದಷ್ಟಿವೆ. ಅದು ಎಂಡಿಆರ್ ಅಲ್ಲ, ಯಂತ್ರದ ಬಾಡಿಗೆ.

2025ರ ಜುಲೈನಲ್ಲಿ ಕರ್ನಾಟಕದಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿದಾಗಲೂ ‘ಯುಪಿಐಗೆ ಚಾರ್ಜ್ ಶುರುವಾಯ್ತಂತೆ’ ಎಂದವರನ್ನು ಕಂಡಿದ್ದೇವೆ. ಅಲ್ಲಿ ಇದ್ದದ್ದು ಪಾವತಿ ಶುಲ್ಕವಲ್ಲ. ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕಳುಹಿಸಿದ ಜಿಎಸ್‌ಟಿ ನೋಟಿಸುಗಳು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಒದಗಿಸುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಣ ಯಾವ ರೂಪದಲ್ಲಿ ಬಂದರೂ ಸರಿ.

ನಮ್ಮ ಮಿಕ್ಸಿಯ ಕಥೆ ಅವತ್ತು ಯುಪಿಐನಲ್ಲಿ ಮುಗಿದಿತ್ತು. ಜಾರಿನ ಮುಚ್ಚಳ ಸಡಿಲವಿದೆಯೆಂದು ಬದಲಿಸಲು ಮುಂದಿನ ವಾರ ಹೋದಾಗ ಅಂಗಡಿ ಖಾಲಿಯಿತ್ತು, ಈ ಲೆಕ್ಕವನ್ನೆಲ್ಲ ಮಾಲೀಕರ ಮುಂದಿಟ್ಟೆವು. ಮೊದಲು ಸಿಡುಕಿದರು. ಆಮೇಲೆ ಅವರೇ ಫೋನ್ ತೆಗೆದು ಬ್ಯಾಂಕಿನ ಆ್ಯಪ್‌ನಲ್ಲಿ ಆ ತಿಂಗಳ ಸೆಟಲ್‌ಮೆಂಟ್ ಪಟ್ಟಿ ತೆರೆದರು. ಒಂದೊಂದು ಸಾಲಿಗೂ ಬೇರೆಬೇರೆ ಕಡಿತ. ರುಪೇ ಡೆಬಿಟ್ ಎಂದಿದ್ದ ಸಾಲುಗಳ ಎದುರು ಸೊನ್ನೆ. ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ಸ್ವಲ್ಪ ಹೊತ್ತು ನೋಡಿದರು. “ಮಷಿನ್ ಹಾಕಿಕೊಟ್ಟ ಹುಡುಗ ಇದನ್ನ ಹೇಳ್ಲೇ ಇಲ್ವಲ್ಲ ನಮಗೆ” ಅಂದು, ಹೊಸ ಮುಚ್ಚಳ ತರಲು ಒಳಗೆ ಹೋದರು.